ಅಮ್ಮ ಸುಡದ ಫಾರ್ಮ್

"ಆ ಫಾರ್ಮ್ ಸುಟ್ಟದ್ದಕ್ಕೆ ನಿಂಗೆ ನನ್ನ ಮೇಲೆ ಈಗಲೂ ಕೋಪ ಉಂಟಾ ಮಗಾ?"

ಹೋದ ಶನಿವಾರ ಮೂಡಬಿದಿರೆಯಿಂದ ಬಂಟ್ವಾಳಕ್ಕೆ ವಾಪಸ್ ಬರುವಾಗ ಅಮ್ಮ ಹೀಗೆ ಕೇಳಿದಳು. (ಕೇಳಿದ್ದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.) ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ಯಾಕೆಂದರೆ ಅಮ್ಮ ಯಾವ ಫಾರ್ಮನ್ನೂ ಸುಟ್ಟವಳಲ್ಲ. ಸುಟ್ಟದ್ದು ನಾನು ಬರೆದ ಕಥೆಯ ಅಮ್ಮ.

ಆ ದಿನ ಅಲ್ಲಿನ ಒಂದು ಕಾಲೇಜಿನಲ್ಲಿ ನನ್ನ ಭಾಷಣ ಇತ್ತು. ಕಥೆಗಳಲ್ಲಿ ತಾಯಿ ಮಗಳನ್ನು ಹೇಗೆ ರೂಪಿಸುತ್ತಾಳೆ ಎಂಬುದು ವಿಷಯ. ಅಮ್ಮನಿಗೆ ಮರೆವು ಶುರುವಾಗಿ ಎರಡು ವರ್ಷ, ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ. ಹಾಗಾಗಿ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದ್ದೆ.

ಭಾಷಣದ ನಡುವೆ ನನ್ನದೇ ಕಥೆಯ ಒಂದು ಪುಟ ಓದಿದೆ. ಬೀಡಿ ಕಟ್ಟುವ ತಾಯಿಯೊಬ್ಬಳು ಮಗಳ ಅಡ್ಮಿಷನ್ ಫಾರ್ಮನ್ನು ಬಚ್ಚಲ ಒಲೆಗೆ ಹಾಕುತ್ತಾಳೆ. "ಓದಿ ನಿಂಗೆ ಎಂತ ಆಗ್ಲಿಕ್ಕುಂಟು?" ಎನ್ನುತ್ತಾಳೆ. ಮಗಳು ಅಂದೇ ಮನೆ ಬಿಟ್ಟು ಹೊರಡುತ್ತಾಳೆ. ಚಪ್ಪಾಳೆಯೋ ಚಪ್ಪಾಳೆ!

ಕೊನೆಗೆ ಒಬ್ಬಳು ಹುಡುಗಿ ಎದ್ದು ನಿಂತಳು. "ಮೇಡಂ, ನಿಮ್ಮ ಅಮ್ಮನೂ ಹೀಗೆಯಾ?"

"ಹೌದು, ಸುಮಾರಾಗಿ ಹೀಗೆಯೇ" ಅಂದುಬಿಟ್ಟೆ. ಸ್ಟೇಜು, ಮೈಕು, ನೋಡುತ್ತಿದ್ದ ಅಷ್ಟೊಂದು ಮಕ್ಕಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ. (ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ.)

ನಿಜವಾಗಿ ನಡೆದದ್ದು ಇಷ್ಟು. ನಾನು ಕಾಲೇಜಿನ ಫಾರ್ಮ್ ತರುವಾಗ ಮಳೆ ಬಂದು ಅದು ಚೀಲದೊಳಗೇ ನೆನೆದು ಹೋಗಿತ್ತು. ನಾನು ಅಳುತ್ತಾ ಕೂತೆ. ಅಮ್ಮ ಬೀಡಿ ಎಲೆಗಳನ್ನು ಬದಿಗಿಟ್ಟು, ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಒಣಗಿಸಿದಳು. ಬೆರಳು ಸುಡುತ್ತಿದ್ದರೂ ಬಿಡಲಿಲ್ಲ. ಮರುದಿನ ಕೆಲಸ ಬಿಟ್ಟು ನನ್ನ ಜೊತೆ ಕಾಲೇಜಿಗೂ ಬಂದಳು.

ಮತ್ತೆ ಕಥೆಯಲ್ಲಿ ಯಾಕೆ ಸುಡಿಸಿದೆ? ಒಣಗಿಸಿದರೆ ಕಥೆ ಎಲ್ಲಿಂದ ಬರಬೇಕು! ಮಗಳು ಗಟ್ಟಿಗಿತ್ತಿ ಅನ್ನಿಸಿಕೊಳ್ಳಬೇಕಾದರೆ ಅಡ್ಡ ನಿಲ್ಲಲು ಯಾರಾದರೂ ಬೇಕಲ್ಲ? ಬರೆಯುವ ನಮಗೆ ಸುಲಭಕ್ಕೆ ಸಿಗುವವಳು ಅಮ್ಮ. ಒಂದೋ ಅವಳನ್ನು ದೇವಿ ಮಾಡುತ್ತೇವೆ, ಇಲ್ಲವೇ ಗೋಡೆ ಮಾಡುತ್ತೇವೆ. ನನ್ನನ್ನು ಕಾಲೇಜು ಮೆಟ್ಟಿಲು ಹತ್ತಿಸಿದ್ದು, ಪೆನ್ನು ಹಿಡಿಯುವ ಹಾಗೆ ಮಾಡಿದ್ದು ಒಲೆಯ ಮುಂದೆ ಕೂತಿದ್ದ ಆ ಹೆಂಗಸು. ಅವಳ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ.

ಕಾರಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. "ನೀನು ಸುಡ್ಲಿಲ್ಲ ಅಮ್ಮ. ಒಣಗಿಸಿ ಕೊಟ್ಟದ್ದು ನೀನೇ. ನಾನು ಸುಳ್ಳು ಬರೆದದ್ದು."

"ಹೌದಾ?" ಅಮ್ಮನ ಮುಖ ಅರಳಿತು. "ಹಾಗಾದ್ರೆ ಹೋಗುವ."

ಮರುದಿನ ಬೆಳಿಗ್ಗೆ ಗಂಜಿ ಬಡಿಸುವಾಗ ಮತ್ತೆ ಅದೇ. "ತಪ್ಪಾಯ್ತು ಮಗಾ. ನಂಗೆ ಆಗ ಬುದ್ಧಿ ಇರ್ಲಿಲ್ಲ."

ಒಣಗಿಸಿದ್ದು ಮರೆತಿದೆ. ಸುಟ್ಟದ್ದು ಮಾತ್ರ ನೆನಪಿದೆ! ಈ ವಾರವಿಡೀ ದಿನಾ ಹೇಳಿದ್ದೇನೆ, ದಿನಾ ಮರೆತಿದ್ದಾಳೆ. ನಿನ್ನೆಯಂತೂ ನನ್ನ ಕೈ ಹಿಡಿದುಕೊಂಡು ಅತ್ತಳು. ಮಾಡದ ತಪ್ಪಿಗೆ ಅಮ್ಮ ಅಳುವುದನ್ನು ನೋಡಿ ನನಗೆ ಸಂಕಟ ತಡೆಯಲಾಗಲಿಲ್ಲ.

ಪಬ್ಲಿಷರ್‌ಗೆ ಫೋನ್ ಮಾಡಿ, ಎರಡನೇ ಮುದ್ರಣದಲ್ಲಿ ಆ ಪುಟ ಬದಲಿಸಬೇಕು ಅಂದೆ. "ಅದಕ್ಕೇನು ಮೇಡಂ, ತಿದ್ದುವ" ಅಂದರು.

ಅಮ್ಮನಿಗೆ ಎರಡನೇ ಮುದ್ರಣ ಎಲ್ಲಿಂದ ತರಲಿ?