ಯಾರೂ ಔಟಾಗದ ಆಟ
ಯಲಹಂಕದ ಭೀಮರಾಜ್ ಭಾನುವಾರ ತಾರಸಿಯಲ್ಲಿ ಬೋರ್ಡ್ ಗೇಮ್ ಹರಡಿದರೆಂದರೆ ಮೊದಲು ಅರ್ಧ ಗಂಟೆ ನಿಯಮಗಳ ಪ್ರವಚನ. ದಾಳ ಕಂಡರೆ ಮೂಗು ಮುರಿಯುತ್ತಾರೆ. ಮರದ ಕಾಯಿಗಳನ್ನು ಮಾತ್ರ ಮೊಟ್ಟೆಯಂತೆ ಜೋಪಾನವಾಗಿ ಎತ್ತಿಡುತ್ತಾರೆ. "ಹೊಸ ಕಾಲದ ಡಿಸೈನ್ ಕಣ್ರೀ, ಕೊನೇವರೆಗೂ ಯಾರೂ ಔಟಾಗಲ್ಲ" ಎಂದು, ತಾವೇ ಕಂಡುಹಿಡಿದವರಂತೆ ಬೀಗುತ್ತಾರೆ. ತಾಯಿ ದೊಡ್ಡಮುನಿಯಮ್ಮ ಒಮ್ಮೆ ಆಡಲಿ ಎಂಬುದೇ ಅವರ ಆಸೆ. ಚೌಕಾಬಾರದಲ್ಲಿ ಊರಿನವರ ಕಾಯಿಗಳನ್ನೆಲ್ಲ ಕಡಿದ ಆಕೆಗೋ ಇದು ಸಪ್ಪೆ: "ಕಡೀದೆ ಗೆಲ್ಲೋದೂ ಒಂದ್ ಆಟ್ವೇನ್ಲಾ?" ಮೊನ್ನೆ ನಾಲ್ವರ ಆಟಕ್ಕೆ ನಾಲ್ವರೂ ಕುಳಿತ ಮೇಲೆ, ಆಕೆಯೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಭೀಮರಾಜ್ ಥಟ್ಟನೆ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಈಗ ನೀನೇ ಔಟಾದಲ್ಲೋ!" ಎಂದು ತಾಯಿ ನಕ್ಕರು. "ನಾನೆಲ್ಲಿ ಔಟು? ನಿಯಮ ಹೇಳೋರು ಬೇಡ್ವಾ?" ಎಂದವರೇ ಎದೆಯುಬ್ಬಿಸಿ, ನಿಂತುಕೊಂಡೇ, ಮತ್ತೆ ಮೊದಲಿನಿಂದ ಶುರು ಮಾಡಿದರು.