ಹೊನ್ನಮ್ಮಕ್ಕನ ಆರು ನಿಮಿಷ

ಕುಶಾಲನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಶ್ವಥ್‌ನ ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯದನ್ನು ಎಸೆದು ಹೊಸದು ತಗೊಳ್ಳಿ ಎಂದು ಅವನು ಯಾರಿಗೂ ಹೇಳಿದವನಲ್ಲ. ಬೇಡದ್ದನ್ನೆಲ್ಲ ಗುಡಿಸಿ, ಹಗುರವಾದ ಆಪರೇಟಿಂಗ್ ಸಿಸ್ಟಂ ಹಾಕಿ, ಅಕ್ಷರ ದಪ್ಪ ಮಾಡಿ, ಎಣ್ಣೆನೀರು ಹಾಕಿದ ಕೂಸನ್ನು ತಾಯಿಯ ಕೈಗಿಡುವಂತೆ ಒಪ್ಪಿಸುತ್ತಾನೆ.

ಗಂಡು ಹೆಣ್ಣು ಜೋಡಿಸುವ ಹೊನ್ನಮ್ಮನ ಕಂಪ್ಯೂಟರನ್ನೂ ಹಾಗೇ ಒಪ್ಪಿಸಿದ್ದ. ಮುನ್ನೂರು ಮನೆಗಳ ಜಾತಕ, ಫೋಟೋ ಅದರೊಳಗಿದ್ದವು. ತೆರೆದುಕೊಳ್ಳಲು ಆರು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ ಹದಿನೆಂಟೇ ಸೆಕೆಂಡು.

ಮೂರನೆಯ ದಿನ ಹೊನ್ನಮ್ಮನ ಫೋನು ಬಂತು. "ನನ್ನ ಹೆಸರು ಹಾಳಾಗ್ತಾ ಉಂಟು ಮಾರಾಯ. ಕೂಡ್ಲೇ ಬಾ."

ಅಶ್ವಥ್ ಸ್ಕೂಟರಿನಲ್ಲಿ ಓಡಿದ. ನೋಡಿದರೆ ಕಂಪ್ಯೂಟರ್ ಮಿಂಚಿನಂತೆ ತೆರೆಯಿತು.

"ಸರಿಯಾಗೇ ಉಂಟಲ್ಲ ಅಕ್ಕ?"

"ಅದೇ ತೊಂದರೆ. ಮೊದ್ಲು ಇದನ್ನ ಒತ್ತಿ, ಸ್ವಲ್ಪ ತಡ ಆಗ್ತದೆ ಅಂತ ಕಾಫಿ ಕೊಡ್ತಿದ್ದೆ. ಕಾಯೋ ಜನ ಸುಮ್ನೆ ಕೂರ್ತಾರಾ? ಗೋತ್ರ ಯಾವ್ದು, ಬಳಿ ಯಾವ್ದು, ಹುಡುಗ ಎಷ್ಟು ಕುಡೀತಾನೆ, ಎಲ್ಲ ತಾವಾಗೇ ಹೇಳ್ತಿದ್ರು. ನಿನ್ನೆ ಮಡಿಕೇರಿಯವರು ಬಂದ್ರು. ಕೂರೋದ್ರೊಳಗೆ ತೆರೀತು. ಮೊದಲ ಫೋಟೋವೇ ಅವರದೇ ಗೋತ್ರ, ಅವರದೇ ಬಳಿಯ ಹುಡುಗಿದು. ಹುಡುಗನಿಗೆ ವರಸೆಯಲ್ಲಿ ತಂಗಿ ಆಗ್ಬೇಕು. ಕಾಫಿ ಮುಟ್ಟದೆ ಎದ್ದು ಹೋದ್ರು. ಇವತ್ತು ನಾಲ್ಕಕ್ಕೆ ಭಾಗಮಂಡಲದವರು ಬರ್ತಾರೆ. ಅಷ್ಟರೊಳಗೆ ನಿಧಾನ ಮಾಡಿಕೊಡು."

"ನೀವೇ ಮೊದ್ಲು ಕೇಳ್ಬಹುದಲ್ಲ?"

"ಕೇಳಿದ್ರೆ ಪೊಲೀಸು ವಿಚಾರಣೆ ಆಗ್ತದೆ. ಕಾಯ್ತಾ ಹೇಳಿದ್ರೆ ಮಾತು."

ಬೆಂದ ಅನ್ನವನ್ನು ಮತ್ತೆ ಅಕ್ಕಿ ಮಾಡಿಕೊಡು ಎಂದಂತಾಯಿತು ಅಶ್ವಥ್‌ಗೆ. ಹನ್ನೊಂದು ವರ್ಷದ ಕಸುಬಿನಲ್ಲಿ ಯಾರೂ ಅವನಲ್ಲಿ ನಿಧಾನವನ್ನು ಕೇಳಿರಲಿಲ್ಲ. ಮುಖ ದಪ್ಪ ಮಾಡಿಕೊಂಡೇ ಕುಳಿತ. ಕೀಲಿಮಣೆ ಕುಟ್ಟಿ, 'ದಯವಿಟ್ಟು ಕಾಯಿರಿ' ಎಂಬ ಪರದೆ ಮಾಡಿ, ಕೆಳಗೆ ಆರು ನಿಮಿಷ ತೆವಳುವ ಹಸಿರು ಗೆರೆಯೊಂದನ್ನು ಎಳೆದ.

"ಬೇಡದ ಜನ ಬಂದ್ರೆ ತೆರೆಯದೇ ಇರೋ ಹಾಗೆ ಆಗ್ತದಾ?"

"ಅದಕ್ಕೆ ಪ್ಲಗ್ ಕೀಳಿ ಅಕ್ಕ."

ಪರೀಕ್ಷೆಗೆಂದು ಒಮ್ಮೆ ಒತ್ತಿದ. ಗೆರೆ ಹೊರಟಿತು. ಹೊನ್ನಮ್ಮ ಕಾಫಿ ತಂದಿಟ್ಟು, ಅವನ ಅಮ್ಮನ ಮಂಡಿನೋವು ವಿಚಾರಿಸಿದರು. ಗೆರೆ ಅರ್ಧ ದಾಟುವಷ್ಟರಲ್ಲಿ ಅಶ್ವಥ್ ಮಂಡಿನೋವು ಮುಗಿಸಿ, ಹಾಸನದ ಸಂಬಂಧ ಮುರಿದುಬಿದ್ದದ್ದು, ಹುಡುಗಿಯ ಎದುರು ತಾನು ಒಂದು ಗಂಟೆ ಕಂಪ್ಯೂಟರ್ ವೈರಸ್ ಬಗ್ಗೆಯೇ ಮಾತಾಡಿದ್ದು, ಅಮ್ಮನಿಗೂ ಹೇಳದ್ದನ್ನೆಲ್ಲ ಹೇಳಿಬಿಟ್ಟಿದ್ದ. ಪರದೆ ತೆರೆದದ್ದನ್ನು ಇಬ್ಬರೂ ನೋಡಲಿಲ್ಲ.

ಹೊರಗೆ ಜೀಪು ನಿಂತಿತು. ಅಶ್ವಥ್ ಗಡಬಡಿಸಿ ಕಂಪ್ಯೂಟರ್ ಆರಿಸಿ ಎದ್ದ. "ಏಳು ನಿಮಿಷ ಮಾಡ್ಲಾ ಅಕ್ಕ?"

"ಆರು ಸಾಕು. ಎಲ್ಲರೂ ನಿನ್ನಷ್ಟು ಮಾತಾಡಲ್ಲ."

ಭಾಗಮಂಡಲದವರು ಒಳಗೆ ಹೋಗಿ ಕೂತರು. ಅವನು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಸ್ವಿಚ್ಚಿನ ಸದ್ದಾಯಿತು. ಕಾಫಿ ಲೋಟ ಕೈಗೆ ತೆಗೆದುಕೊಂಡ ಭಾಗಮಂಡಲದ ಹೆಂಗಸು ನಿಟ್ಟುಸಿರು ಬಿಟ್ಟರು. "ನಮ್ಮ ಹುಡುಗ ಒಳ್ಳೆಯವನೇ. ಆದ್ರೆ ನೋಡಿ..."

ಹೊನ್ನಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.