ಮಾವಿನ ಐಕಾನಿಗೆ ಏರಿದ ಕೆಂಪು

ಕತೆ ಕಟ್ಟುವ ಅಭ್ಯಾಸ ನನಗಿಲ್ಲ. ಗೋಕಾಕದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆದದ್ದನ್ನು ಆದಂತೆ ಬರೆಯುತ್ತಿದ್ದೇನೆ.

ಅವ್ವ ಮಣ್ಣಿನ ಹಣ್ಣುಗಳಿಗೆ ಬಣ್ಣ ಹಚ್ಚುವವಳು. ನಾವಿಬ್ಬರು ಮಕ್ಕಳೂ ಜೊತೆಗೆ ಕುಂಚ ಹಿಡಿಯುತ್ತಿದ್ದೆವು. ಅವನ್ನು ಮಾರಲು ನನ್ನ ತಮ್ಮ ಮಲ್ಲು ವೆಬ್‌ಸೈಟ್ ಮಾಡುತ್ತಿದ್ದ. ಪ್ರತಿ ಹಣ್ಣಿಗೂ ಒಂದು ಪುಟ್ಟ ಐಕಾನ್. ಮಾವಿನದೊಂದು ಬಾಕಿ ಇರುವಾಗಲೇ ಜ್ವರದಲ್ಲಿ ತೀರಿಕೊಂಡ. ಅದನ್ನಾದರೂ ಮುಗಿಸೋಣವೆಂದು ಒಂದು ರಾತ್ರಿ ಊಟವಾದ ಮೇಲೆ ಕುಳಿತೆ.

ಕೆಲಸ ಅವನೇ ಕಲಿಸಿದ್ದು. ಎಸ್‌ವಿಜಿ ಎಂಬ, ಅಕ್ಷರಗಳಲ್ಲೇ ಬರೆಯುವ ಚಿತ್ರದೊಳಗೆ ಗ್ರೇಡಿಯಂಟ್, ಅಂದರೆ ಬಣ್ಣಗಳ ಸಾಲು, ಬರೆದು ಅದಕ್ಕೊಂದು ಹೆಸರಿಡಬೇಕು. ಪುಟದ ಅಲಂಕಾರ ಹೇಳುವ ಸಿಎಸ್‌ಎಸ್‌ನಲ್ಲಿ ಆ ಹೆಸರು ಕೊಟ್ಟರೆ ಒಂದು ಬಣ್ಣ ಇನ್ನೊಂದರೊಳಗೆ ಕರಗುತ್ತದೆ. ನಾನು ಬರೆದದ್ದು ಹಸಿರು, ಹಳದಿ... ಅಷ್ಟೇ. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಅವ್ವ ಕೆಂಪು ಮುಟ್ಟುವುದಿಲ್ಲ. ನಾನೂ ಮುಟ್ಟಲಿಲ್ಲ.

ಪುಟ ರಿಫ್ರೆಶ್ ಮಾಡಿದೆ.

ಮಾವಿನ ಕೆಳತುದಿಯಿಂದ ಕೆಂಪು ಮೇಲಕ್ಕೆ ಏರಿತ್ತು...

ಫೈಲ್ ತೆರೆದು ನೋಡಿದೆ. ಎರಡೇ ಬಣ್ಣ. ಮಧ್ಯಾಹ್ನ ಈ ಕಂಪ್ಯೂಟರ್ ಮುಟ್ಟಿದವನು ಮಲ್ಲುವಿನ ಗೆಳೆಯ ಬಸು ಒಬ್ಬನೇ. ಪಾಸ್‌ವರ್ಡ್ ಅವನಿಗೂ ಗೊತ್ತು, ದೂರದಲ್ಲಿ ಕೂತೇ ನೆಟ್ ಮೂಲಕ ಬದಲಿಸಬಲ್ಲ. ಫೋನ್ ಹಚ್ಚಿದೆ.

“ಬಸ್ಯಾ, ಮಾವಿನಹಣ್ಣಿಗಿ ಕೆಂಪ ಹಚ್ಚೀಯೇನು?”

“ಅಣ್ಣಾ, ಹತ್ತರಗಿ ಹೈವೇ ಧಾಬಾದಾಗ ರೊಟ್ಟಿ ಮುರಿಯಾಕತ್ತೇನಿ. ನಾ ಹಣ್ಣ ತಿನ್ನಾಂವ, ಬಣ್ಣ ಹಚ್ಚಾಂವ ಅಲ್ರಿ!”

ನಕ್ಕ. ನಾನು ನಗಲಿಲ್ಲ. ಆ ನಗು ನನಗೆ ಸರಿ ಕಾಣಲಿಲ್ಲ.

“ಖರೆ ಹೇಳೋ.”

“ಮಲ್ಲ್ಯಾನ ಆಣಿ, ಮುಟ್ಟಿಲ್ರಿ.”

ನೆಟ್ ವಾಯರ್ ಕಿತ್ತು ಮತ್ತೆ ರಿಫ್ರೆಶ್ ಮಾಡಿದೆ. ಕೆಂಪು ಇನ್ನಷ್ಟು ಏರಿತ್ತು. ಕೋಣೆಯಲ್ಲಿ ಹಸಿ ಬಣ್ಣದ ವಾಸನೆ... ಅವ್ವ ಅಂದು ಕುಂಚವನ್ನೇ ಹಿಡಿದಿರಲಿಲ್ಲ.

ಬಾಗಿಲಲ್ಲಿ ಅವಳು ನಿಂತಿದ್ದಳು.

“ಯಾರ ಹಚ್ಚಿದ್ರೋ?”

“ಗೊತ್ತಿಲ್ಲಬೇ.”

ಪರದೆಯ ಹತ್ತಿರ ಬಗ್ಗಿದಳು. ಕೆಂಪನ್ನೇ ನೋಡಿದಳು.

“ನಾವೆಲ್ಲಾ ಕೆಂಪ ತೊಟ್ಟಿನಿಂದ ಕೆಳಗ ಎಳೀತೇವಿ. ಉಲ್ಟಾ ಎಳ್ಯಾಂವ ಈ ಮನ್ಯಾಗ ಒಬ್ಬನ ಇದ್ದ... ಎಷ್ಟ ಬೈದ್ರೂ ಕೇಳ್ತಿದ್ದಿಲ್ಲ, ಮೂಳ.”

ಅಳಿಸಲು ನನ್ನ ಕೈ ಹೋಯಿತು.

“ಬ್ಯಾಡೋ,” ಎಂದಳು ಮೆಲ್ಲಗೆ. “ಇರ್ಲಿ.”

ಐಕಾನ್ ಹಾಗೆಯೇ ಇದೆ. ವೆಬ್‌ಸೈಟ್ ಇನ್ನೂ ಜನರಿಗೆ ತೆರೆದಿಲ್ಲ. ಪಾಸ್‌ವರ್ಡ್ ಬದಲಿಸಿದ್ದೇನೆ. ಬಸು ಮನೆಗೆ ಬಂದರೆ ಅವನ ಕೈಗಳನ್ನೇ ನೋಡುತ್ತಿರುತ್ತೇನೆ. ಅದು ಅವನಿಗೂ ಗೊತ್ತಾಗಿದೆ, ಬರುವುದು ಕಡಿಮೆಯಾಗಿದೆ.

ಆದರೂ ಅವನ ಮೇಲಿನ ಅನುಮಾನವನ್ನು ನಾನು ಬಿಡುತ್ತಿಲ್ಲ. ಅವನಲ್ಲ ಎಂದು ಒಪ್ಪಿಕೊಂಡರೆ, ಮತ್ತೆ ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ...